ಇಚಿರೊ ಎರಡು ವರ್ಷ ಯಾಕೆ ಕೆಳಗಿನ ತಂಡದಲ್ಲಿದ್ದರು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಬಗ್ಗೆ ಬಂದ ಪುಟ್ಟ ಬರಹ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. 27 ವರ್ಷದವರಿಗೆ 2001ರಲ್ಲಿ ಅಮೆರಿಕದವರು ವರ್ಷದ ಹೊಸ ಆಟಗಾರ ಅಂತ ಪ್ರಶಸ್ತಿ ಕೊಟ್ಟಿದ್ದು ಹೇಗೆ? ಅಂಥವರನ್ನು ಜಪಾನಿನಲ್ಲಿ ಮೊದಲೆರಡು ವರ್ಷ ಎರಡನೇ ತಂಡದಲ್ಲಿ ಕೂರಿಸಿದ್ದರಂತಲ್ಲ, ಆ ಕೋಚ್‌ಗಳಿಗೆ ಕಣ್ಣಿರಲಿಲ್ವಾ?

ಮೊದಲನೆಯದು ಸುಲಭ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಅವರಿಗೆ ಅದು ಮೊದಲ ವರ್ಷ, ಅಲ್ಲಿ ನೋಡುವುದು ಅಷ್ಟೇ. ಅದಕ್ಕೂ ಮುಂಚೆ ಅವರು ಜಪಾನಿನಲ್ಲಿ ಒಂಬತ್ತು ವರ್ಷ ಆಡಿದ್ದರು.

ಎರಡನೆಯದಕ್ಕೆ ನಿಧಾನವಾಗಿ ಉತ್ತರಿಸಬೇಕು. ಇಚಿರೊ ಬೆಳೆದದ್ದು ನಗೋಯಾ ಹತ್ತಿರದ ತೊಯೊಯಾಮಾದಲ್ಲಿ. ಅಪ್ಪ ನೊಬುಯುಕಿ ಚಿಕ್ಕಂದಿನಿಂದಲೇ ಹೆಚ್ಚುಕಡಿಮೆ ದಿನಾ ಅಭ್ಯಾಸ ಮಾಡಿಸುತ್ತಿದ್ದರು. ವರ್ಷದ 365 ದಿನದಲ್ಲಿ 360 ದಿನ ಕಷ್ಟಪಟ್ಟು ಅಭ್ಯಾಸ ಮಾಡುತ್ತೇನೆ, ವೃತ್ತಿಪರ ಆಟಗಾರ ಆಗಿಯೇ ಆಗುತ್ತೇನೆ ಅಂತ ಹುಡುಗ ಆರನೇ ಕ್ಲಾಸಿನ ಪ್ರಬಂಧದಲ್ಲೇ ಬರೆದಿದ್ದ. ಆದರೂ 1991ರಲ್ಲಿ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಂಡಾಗ ಕೋಬೆ ನಗರದ ಓರಿಕ್ಸ್ ಬ್ಲೂವೇವ್ ಅವರನ್ನು ತೆಗೆದುಕೊಂಡಿದ್ದು ನಾಲ್ಕನೇ ಸುತ್ತಿನಲ್ಲಿ. ಸಣಕಲು ಮೈ, ಜಾಸ್ತಿ ಯಾರೂ ಆಸೆಪಡಲಿಲ್ಲ.

ತಕರಾರು ಇದ್ದದ್ದು ಕಾಲಿನ ಬಗ್ಗೆ. ಎಡಗೈ ಬ್ಯಾಟರ್ ಆದ ಇಚಿರೊ ಪಿಚರ್ ಚೆಂಡು ಎಸೆಯುವ ಹೊತ್ತಿಗೆ ಬಲಗಾಲನ್ನು ಎತ್ತಿ, ಎಡ ಮಂಡಿಯ ಹತ್ತಿರಕ್ಕೆ ಎಳೆದುಕೊಂಡು, ಗಡಿಯಾರದ ಲೋಲಕದ ಹಾಗೆ ಮುಂದಕ್ಕೆ ಬೀಸುತ್ತಿದ್ದರು. ಮೈ ಭಾರವೆಲ್ಲ ಮುಂದಕ್ಕೆ ಹೋಗುತ್ತಿತ್ತು. ಹೊಡೆದು ಮುಗಿಯುವಷ್ಟರಲ್ಲಿ ಓಟ ಶುರುವಾಗಿಬಿಟ್ಟಿರುತ್ತಿತ್ತು. ಭಾರ ಹಿಂದಿನ ಕಾಲಲ್ಲೇ ಇರಲಿ, ಸೊಂಟ ತಿರುಗಿಸಿ ಹೊಡಿ ಅನ್ನುವುದು ಎಲ್ಲರೂ ಕಲಿಸುವ ಪಾಠ. ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಶೋಜೊ ದೋಯಿಗೆ ಈ ಹುಡುಗನ ರೀತಿ ಹಿಡಿಸಲಿಲ್ಲ. ದೋಯಿ ಸಾಮಾನ್ಯರಲ್ಲ, 1965ರಿಂದ 1973ರವರೆಗೆ ಒಂಬತ್ತು ವರ್ಷ ಸತತ ಚಾಂಪಿಯನ್ ಆದ ಯೊಮಿಯುರಿ ಜೈಂಟ್ಸ್ ತಂಡದಲ್ಲಿ ಆಡಿದವರು. ಹಾಗಾಗಿ ಕಣ್ಣಿರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಮ್ಮನ್ನು ಗೆಲ್ಲಿಸಿದ ಪದ್ಧತಿಯನ್ನು ಅವರು ನಂಬಿದ್ದರು, ಆ ನಂಬಿಕೆ ಈ ಹುಡುಗನಿಗೆ ಹೊಂದಲಿಲ್ಲ.

ಆದರೆ ಕೆಳಗೆ ಕಳಿಸಿದ್ದು ನಷ್ಟವಾಗಲಿಲ್ಲ. ಎರಡನೇ ತಂಡದಲ್ಲಿ ಬ್ಯಾಟಿಂಗ್ ಕೋಚ್ ಕೆನಿಚಿರೊ ಕವಾಮುರಾ ಇದ್ದರು. ಆ ಕಾಲಿನ ಬೀಸು ಹದಕ್ಕೆ ಬಂದದ್ದು ಅವರ ಜೊತೆಯಲ್ಲೇ. 1992ರಲ್ಲಿ 18 ವರ್ಷದ ಇಚಿರೊ .366 ಸರಾಸರಿಯಲ್ಲಿ ಆ ಕೆಳಗಿನ ಲೀಗ್‌ಗೇ ಮೊದಲಿಗರಾದರು. ಅಂದರೆ ಲೆಕ್ಕಕ್ಕೆ ಬರುವ ನೂರು ಬ್ಯಾಟಿಂಗ್ ಸರದಿಗೆ ಸುಮಾರು 37 ಹಿಟ್; ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದರೆ ಅದು ಹಿಟ್. 1993ರ ಜೂನ್‌ನಲ್ಲಿ ಮೇಲಿನ ತಂಡಕ್ಕೆ ಆಡುವಾಗ ಮೊದಲ ಹೋಮ್‌ರನ್ ಹೊಡೆದದ್ದು ಹಿಡೆಯೊ ನೊಮೊ ಎಂಬ ದೊಡ್ಡ ಪಿಚರ್ ಎಸೆದ ಚೆಂಡಿಗೆ. ಅಷ್ಟಾದರೂ ಆ ವರ್ಷ ಬಹುಪಾಲು ಕೆಳಗೇ ಕಳೆಯಿತು.

1994ಕ್ಕೆ ಅಕಿರಾ ಓಗಿ ಮ್ಯಾನೇಜರ್ ಆಗಿ ಬಂದರು. ಇದೇ ಓಗಿ ಹಿಂದೆ ಕಿಂಟೆಟ್ಸು ತಂಡದಲ್ಲಿದ್ದಾಗ, ಬೆನ್ನು ಪೂರ್ತಿ ತಿರುಗಿಸಿ ಚೆಂಡೆಸೆಯುತ್ತಿದ್ದ ಆ ನೊಮೊನನ್ನು ತಿದ್ದಲು ಹೋಗದೆ ಹಾಗೇ ಬಿಟ್ಟಿದ್ದರು. ಇಚಿರೊಗೂ ಅದನ್ನೇ ಮಾಡಿದರು, ದಿನಾ ಆಡಿಸಿದರು. ಸುಜುಕಿ ಅನ್ನುವ ಹೆಸರು ಜಪಾನಿನಲ್ಲಿ ಬೀದಿಗೊಂದು ಸಿಗುತ್ತದೆ, ಅದಕ್ಕೆ ಅಂಗಿಯ ಮೇಲೆ ಸುಮ್ನೆ ಇಚಿರೊ ಅಂತ ಬರೆಸಿದರು. ಆ ವರ್ಷ 130 ಪಂದ್ಯದಲ್ಲಿ 210 ಹಿಟ್! ಜಪಾನಿನಲ್ಲಿ ಒಂದೇ ಋತುವಿನಲ್ಲಿ 200 ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ಸರಾಸರಿ .385. ಅಲ್ಲಿಂದ ಏಳು ವರ್ಷ ಸತತವಾಗಿ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಅವರದ್ದೇ.

1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಓರಿಕ್ಸ್ ಆಟಗಾರರು ಕೋಬೆಗೆ ಧೈರ್ಯ ಹೇಳುವ ಬರಹವನ್ನು ತೋಳಿನ ಮೇಲೆ ಹಾಕಿಕೊಂಡು ಆಡಿ ಲೀಗ್ ಗೆದ್ದರು, ಎರಡು ಲೀಗ್‌ಗಳ ವಿಜೇತರು ಸೆಣಸುವ ಜಪಾನ್ ಸರಣಿಯಲ್ಲಿ ಮಾತ್ರ ಸೋತರು. 1996ರಲ್ಲಿ ಲೀಗ್ ಗೆದ್ದದ್ದು ಕೋಬೆಯ ಜನರ ಮುಂದೆಯೇ, ಹೆಚ್ಚುವರಿ ಇನಿಂಗ್ಸ್‌ನಲ್ಲಿ ಇಚಿರೊ ಹೊಡೆದ ಹೊಡೆತದಿಂದ. ಆಮೇಲೆ ಜಪಾನ್ ಸರಣಿಯನ್ನೂ ಗೆದ್ದರು. ಅಮೆರಿಕದ ದಾಖಲೆಗಳ ಮಧ್ಯೆ ಈ ಎರಡು ವರ್ಷ ಮರೆತುಹೋಗುವುದು ನನಗೆ ಬೇಜಾರು.

ಇನ್ನೊಂದು ವಿಷಯ. ನೀವು ವಿಡಿಯೋ ಹುಡುಕಿ ನೋಡುವುದಾದರೆ 1994ರದ್ದನ್ನೂ 2001ರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಸಿಯಾಟಲ್ ತಂಡಕ್ಕೆ ಹೋದ ಇಚಿರೊ ಕಾಲನ್ನು ಹಳೆಯ ಹಾಗೆ ಎತ್ತುವುದೇ ಇಲ್ಲ, ನೆಲಕ್ಕೆ ಹತ್ತಿರದಲ್ಲೇ ಮುಂದಕ್ಕೆ ಜಾರಿಸುತ್ತಾರೆ. ದೋಯಿ ಕಾಲದಲ್ಲಿ ಬಿಡದಿದ್ದ ಬೀಸನ್ನು ಹೆಸರು ಮಾಡಿದ ಮೇಲೆ ತಾವಾಗಿಯೇ ವರ್ಷ ವರ್ಷ ಕಡಿಮೆ ಮಾಡಿಕೊಂಡು ಬಂದಿದ್ದರು. ಅಮೆರಿಕದ ಮೊದಲ ವರ್ಷದ 242 ಹಿಟ್ ಬಂದದ್ದು ಆ ಹೊಸ ಕಾಲಿನಿಂದ.

ಸಂಪಾದಕ