ಕುಡಿದು ಕೆಲಸ ಮಾಡಿದ ಕಾರ್ಮಿಕರಿಂದಲೇ ಅಮೆರಿಕನ್ ಕಾರುಗಳ ಹೆಸರು ಕೆಟ್ಟಿತೇ?

ಕೆಲಸದ ಮೇಲೆ ಮಿಷಿಗನ್‌ಗೆ ಬಂದು ಮೂರು ತಿಂಗಳಾಯಿತು, ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ ಅಂದಿದ್ದೀರಿ. ಆಫೀಸಿನ ಗೆಳೆಯರು ಯಾವುದೋ ಹಳೆಯ ವಿಡಿಯೊ ತೋರಿಸಿ, "ಅಮೆರಿಕನ್ ಗಾಡಿ ಮಾತ್ರ ಮುಟ್ಟಬೇಡ, ಇಲ್ಲಿಯವರು ಊಟದ ಹೊತ್ತಿಗೆ ಕುಡಿದು ಬಂದು ಬೋಲ್ಟ್ ತಿರುಗಿಸುತ್ತಾರೆ" ಅಂದರಂತೆ. ಇದರಲ್ಲಿ ನಿಜ ಎಷ್ಟು ಅನ್ನುವುದು ನಿಮ್ಮ ಪ್ರಶ್ನೆ.

ಆ ವಿಡಿಯೊ ನಾನೂ ನೋಡಿದ್ದೇನೆ. ಡೆಟ್ರಾಯಿಟ್ ಸುತ್ತಮುತ್ತ ಇದ್ದವರಲ್ಲಿ ಅದನ್ನು ನೋಡದವರು ಕಡಿಮೆ. 2010ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಒಂದು ಟೀವಿ ಚಾನೆಲ್‌ನವರು ಕ್ರೈಸ್ಲರ್ ಕಾರು ಕಂಪನಿಯ ಜೆಫರ್ಸನ್ ನಾರ್ತ್ ಕಾರ್ಖಾನೆಯ ಕೆಲಸಗಾರರನ್ನು ಹಿಂಬಾಲಿಸಿದರು. ಊಟದ ಬಿಡುವಿನಲ್ಲಿ ಅವರು ಹತ್ತಿರದ ಪಾರ್ಕಿಗೆ ಹೋಗಿ ಬಿಯರ್ ಕುಡಿಯುತ್ತಾ, ಗಾಂಜಾದಂತೆ ಕಾಣುವ ಏನನ್ನೋ ಸೇದುತ್ತಾ ಕೂತಿದ್ದರು. ಸರ್ಕಾರ ದುಡ್ಡು ಸುರಿದು ಕ್ರೈಸ್ಲರ್ ಅನ್ನು ಬದುಕಿಸಿ ಆಗಿನ್ನೂ ಒಂದು ವರ್ಷ ಕಳೆದಿತ್ತು. ಅಧ್ಯಕ್ಷ ಒಬಾಮ ಎರಡು ತಿಂಗಳ ಹಿಂದಷ್ಟೇ ಅದೇ ಕಾರ್ಖಾನೆಗೆ ಬಂದು ಕಾರ್ಮಿಕರ ಬೆನ್ನು ತಟ್ಟಿ ಹೋಗಿದ್ದರು. ತೆರಿಗೆ ಕಟ್ಟಿದವರ ಹೊಟ್ಟೆ ಉರಿಯದೆ ಇರುತ್ತದೆಯೇ? 13 ಜನರನ್ನು ಕಂಪನಿ ಮನೆಗೆ ಕಳಿಸಿತು. ಯೂನಿಯನ್ ತಕರಾರು ತೆಗೆಯಿತು, ವಿಷಯ ಮಧ್ಯಸ್ಥಗಾರರ ಮುಂದೆ ಹೋಯಿತು, ಸಾಕ್ಷ್ಯ ಸಾಲದು ಎಂದು ತೀರ್ಪು ಬಂತು. 2012ರ ಕೊನೆಗೆ ಅವರೆಲ್ಲ ಮತ್ತೆ ಒಳಗೆ ಬಂದರು. ಊರಲ್ಲಿ ಎರಡನೇ ಸಲ ಗುಲ್ಲೆದ್ದಿತು.

ಹಾಗಾಗಿ ಕುಡಿದದ್ದು ಕಟ್ಟುಕಥೆಯಲ್ಲ. ಆದರೆ ಕಾರಿನ ಹೆಸರು ಕೆಟ್ಟಿದ್ದು ಅದರಿಂದಲೇ ಎಂದು ಒಪ್ಪಲು ನನಗೆ ಆಗುವುದಿಲ್ಲ. ಪೀಣ್ಯದ ಮಷಿನ್ ಶಾಪ್‌ನಲ್ಲಿ ಶುರುಮಾಡಿ, ಆಮೇಲೆ ಇಲ್ಲಿ ಸೀಟಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸೇರಿ, ಇಪ್ಪತ್ತು ವರ್ಷಕ್ಕೂ ಮೇಲೆ ಕ್ವಾಲಿಟಿ ಕೆಲಸದಲ್ಲೇ ಕೂದಲು ಹಣ್ಣಾಗಿಸಿಕೊಂಡವನು ನಾನು. ಹೇಳಲು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಸೋಮವಾರ, ಶುಕ್ರವಾರ ತಯಾರಾದ ಕಾರು ಕೊಳ್ಳಬಾರದು ಅನ್ನುವ ಮಾತು ಇಲ್ಲಿ ನಮ್ಮ ರಾಹುಕಾಲದಷ್ಟೇ ಗಟ್ಟಿಯಾಗಿ ಚಾಲ್ತಿಯಲ್ಲಿತ್ತು. 1970ರ ಸುಮಾರಿಗೆ ಆ ಎರಡು ದಿನ ಕಾರ್ಖಾನೆಗಳಲ್ಲಿ ಚಕ್ಕರ್ ಹೊಡೆಯುವವರು ಹೆಚ್ಚು. ಬಂದಷ್ಟು ಜನರನ್ನೇ ಅಲ್ಲಿಂದಿಲ್ಲಿಗೆ ಎಳೆದು ಕಾರು ಜೋಡಿಸುವ ಲೈನ್ ಓಡಿಸುತ್ತಿದ್ದರು. ಆ ಕಾಲದ ದೊಡ್ಡ ಗಲಾಟೆ ಓಹಾಯೊ ರಾಜ್ಯದ ಲಾರ್ಡ್ಸ್‌ಟೌನ್‌ನದು. ಜನರಲ್ ಮೋಟಾರ್ಸ್ (ಜಿಎಂ) ಅಲ್ಲಿ ವೇಗಾ ಎಂಬ ಸಣ್ಣ ಕಾರು ಮಾಡುತ್ತಿತ್ತು. ಗಂಟೆಗೆ 60 ಕಾರು ಎಂಬ ಎಂದಿನ ಲೆಕ್ಕವನ್ನು 100ಕ್ಕೆ ಏರಿಸಿದರು. ಅಂದರೆ ಒಬ್ಬೊಬ್ಬನ ಕೈಗೆ ಒಂದು ಕಾರು ಸಿಗುವುದು 36 ಸೆಕೆಂಡು. ಸಾಲದ್ದಕ್ಕೆ ಆಡಳಿತ ಬದಲಾಗಿ ನೂರಾರು ಜನರನ್ನು ಕಡಿತ ಮಾಡಿದರು, ಅವರ ಕೆಲಸ ಉಳಿದವರ ಹೆಗಲಿಗೆ ಬಿತ್ತು. ಕೆಲಸಗಾರರು ಹೆಚ್ಚಿನವರು ಇಪ್ಪತ್ತರ ಹರೆಯದ ಬಿಸಿರಕ್ತದವರು. ಸೀಟಿನ ಬಟ್ಟೆ ಹರಿದ, ಬೀಗದಲ್ಲೇ ಕೀ ಮುರಿದ ಕಾರುಗಳು ಸಾಲಾಗಿ ಹೊರಬರುತ್ತಿವೆ ಎಂದು ಕಂಪನಿ ದೂರಿತು. ಮುಗಿಸಲು ಆಗದ ಕೆಲಸ ಹಾಗೇ ಮುಂದೆ ಹೋಗುತ್ತಿದೆ ಎಂದು ಕಾರ್ಮಿಕರು ಅಂದರು. 1972ರ ಮಾರ್ಚ್‌ನಲ್ಲಿ ಮೂರು ವಾರ ಮುಷ್ಕರ ನಡೆಯಿತು.

ವೇಗಾ ಕಾರಿನ ಹೆಸರು ಮಣ್ಣುಪಾಲಾಯಿತು, ನಿಜ. ಆದರೆ ಆ ಗಾಡಿ ಕೊಂಡವರು ಗೋಳಾಡಿದ್ದು ಹರಿದ ಸೀಟಿಗಲ್ಲ. ಅಲ್ಯೂಮಿನಿಯಂ ಎಂಜಿನ್ ಬ್ಲಾಕಿಗೆ ಕಬ್ಬಿಣದ ಲೈನರ್ (ಒಳಕವಚ) ಹಾಕದೆ ಬಿಟ್ಟಿದ್ದರು, ಬಿಸಿಯೇರಿದರೆ ಎಂಜಿನ್ನೇ ಹೋಗುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ಮುಂದಿನ ಮಡ್‌ಗಾರ್ಡ್‌ಗಳು ಎರಡು ಚಳಿಗಾಲದೊಳಗೆ ತುಕ್ಕು ಹಿಡಿದು ಉದುರುತ್ತಿದ್ದವು. ಇವೆರಡೂ ಡ್ರಾಯಿಂಗ್‌ನಲ್ಲೇ ಇದ್ದ ದೋಷ. ಲೈನ್ ಮೇಲಿದ್ದ ಹುಡುಗ ಗಂಗಾಜಲ ಕುಡಿದು ಬಂದಿದ್ದರೂ ಆ ಎಂಜಿನ್ ಹಾಗೆಯೇ ಕೆಡುತ್ತಿತ್ತು.

ಇನ್ನು ಫ್ರೀಮಾಂಟ್ ಕಥೆ. ಕ್ಯಾಲಿಫೋರ್ನಿಯಾದ ಆ ಜಿಎಂ ಕಾರ್ಖಾನೆಯಷ್ಟು ಕುಖ್ಯಾತಿ ಬೇರಾವುದಕ್ಕೂ ಇರಲಿಲ್ಲ. ದಿನಾ ಐವರಲ್ಲಿ ಒಬ್ಬ ಬರುತ್ತಿರಲಿಲ್ಲ. ಬಂದವರಲ್ಲಿ ಕುಡಿತ, ಗಾಂಜಾ, ಜೂಜು ಎಲ್ಲವೂ ಕೆಲಸದ ಜಾಗದಲ್ಲೇ. ಮೇಲಿನವರ ಮೇಲೆ ಸಿಟ್ಟು ಬಂದರೆ ಬಾಗಿಲ ಒಳಗೆ ಖಾಲಿ ಬಾಟಲಿ ಇಟ್ಟು ಮುಚ್ಚುತ್ತಿದ್ದರು. ಕೊಂಡವನು ಲಡಲಡ ಸದ್ದು ಎಲ್ಲಿಂದ ಬರುತ್ತಿದೆ ಎಂದು ಜನ್ಮವೆಲ್ಲ ಹುಡುಕಬೇಕು! ಅದಕ್ಕಿಂತ ಕೆಟ್ಟದ್ದು ಕಾರ್ಖಾನೆಯ ಒಂದು ಅಲಿಖಿತ ಕಾನೂನು: ಏನೇ ಆಗಲಿ, ಲೈನ್ ನಿಲ್ಲಬಾರದು. ತಪ್ಪು ಭಾಗ ಕೂತಿದ್ದು ಕಣ್ಣಿಗೆ ಕಂಡರೂ ಕಾರು ಮುಂದೆ ಹೋಗಬೇಕು. ಒಂದು ಮಾಡೆಲ್‌ನ ಮೂತಿ ಇನ್ನೊಂದು ಮಾಡೆಲ್‌ಗೆ ಕೂತಿದ್ದರೂ ಸರಿ, ಹೊರಗಿನ ಅಂಗಳದಲ್ಲಿ ಆಮೇಲೆ ಬಿಚ್ಚಿ ಸರಿಮಾಡಿದರಾಯಿತು. 1982ರಲ್ಲಿ ಜಿಎಂ ಅದಕ್ಕೆ ಬೀಗ ಹಾಕಿತು.

ಎರಡು ವರ್ಷದ ಮೇಲೆ ಜಿಎಂ ಮತ್ತು ಟೊಯೋಟಾ ಜೊತೆಯಾಗಿ ಅದೇ ಕಟ್ಟಡದಲ್ಲಿ ನುಮ್ಮಿ ಎಂಬ ಹೊಸ ಕಂಪನಿ ತೆರೆದವು. ಹಳೆಯ ಯೂನಿಯನ್ನೇ ಉಳಿಯಿತು. ಕೆಲಸಕ್ಕೆ ಸೇರಿಸಿಕೊಂಡವರಲ್ಲಿ ಸುಮಾರು ಶೇ 85 ಜನ ಹಿಂದೆ ಅಲ್ಲೇ ಬಾಟಲಿ ಮುಚ್ಚಿಟ್ಟಿದ್ದ ಬಳಗದವರು. ನೂರಾರು ಜನರನ್ನು ತಂಡ ತಂಡವಾಗಿ ಜಪಾನಿನ ತಕಾವೊಕ ಕಾರ್ಖಾನೆಗೆ ಕರೆದೊಯ್ದು ಟೊಯೋಟಾದವರ ಪಕ್ಕದಲ್ಲಿ ನಿಲ್ಲಿಸಿ ಕೆಲಸ ತೋರಿಸಿದರು. ಲೈನ್ ಉದ್ದಕ್ಕೂ ತಲೆ ಮೇಲೆ ಒಂದು ಹಗ್ಗ. ಏನಾದರೂ ಎಡವಟ್ಟಾಯಿತೋ, ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಎಳೆದರೆ ಹಾಡು ಮೊಳಗುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಬೈಯಲು ಅಲ್ಲ, ಕೈ ಹಚ್ಚಲು. ಆಗಲೂ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಜಿಎಂನಲ್ಲಿ ಬೆಳೆದವನಿಗೆ ಇದು ದೇವಸ್ಥಾನದೊಳಗೆ ಚಪ್ಪಲಿ ಹಾಕಿ ಹೋದಷ್ಟು ಅಪಚಾರ. 1988ರಲ್ಲಿ ಕಾರು ಮಾರಾಟ ಕುಸಿದಾಗಲೂ ಕೊಟ್ಟ ಮಾತಿನಂತೆ ಯಾರನ್ನೂ ತೆಗೆಯಲಿಲ್ಲ, ಆ ಬಿಡುವಿನಲ್ಲಿ ತರಬೇತಿ ಕೊಟ್ಟರು. ಗೈರುಹಾಜರಿ ಶೇ 20ರಿಂದ ಎರಡು ಮೂರಕ್ಕೆ ಇಳಿಯಿತು. ಜಿಎಂನ ಕಾರ್ಖಾನೆಗಳಲ್ಲೆಲ್ಲ ಅತಿ ಒಳ್ಳೆಯ ಗುಣಮಟ್ಟದ ಕಾರು ಅಲ್ಲಿಂದಲೇ ಬರತೊಡಗಿತು. ಅದೇ ಜನ, ಅದೇ ಶೆಡ್.

ಜಪಾನಿನವರ ಪದ್ಧತಿ ತಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಇದರ ಅರ್ಥ ಮಾಡಿಕೊಳ್ಳಬೇಡಿ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯನ್ನೇ ನೋಡಿ. 2020ರ ನವೆಂಬರ್‌ನಲ್ಲಿ ಒಬ್ಬ ನೌಕರನ ಅಮಾನತಿನಿಂದ ಶುರುವಾದ ಧರಣಿ ಲಾಕೌಟ್ ತನಕ ಹೋಯಿತು. ಅಶಿಸ್ತು ಎಂದು ಆಡಳಿತ, ಕೆಲಸದ ಹೊರೆ ಹೊರಲಾರದಷ್ಟಾಗಿದೆ ಎಂದು ಕಾರ್ಮಿಕರು. ಲಾರ್ಡ್ಸ್‌ಟೌನ್‌ನ ಜಗಳವನ್ನೇ ಮೈಸೂರು ರಸ್ತೆಯಲ್ಲಿ ಕೇಳಿದಂತಿತ್ತು.

ಹೆಸರಿನ ವಿಷಯಕ್ಕೆ ಬಂದರೆ ಫ್ರೀಮಾಂಟ್‌ನಲ್ಲೇ ಇನ್ನೊಂದು ತಮಾಷೆ ಇದೆ. ಅಲ್ಲಿ ಒಂದೇ ಲೈನ್‌ನಲ್ಲಿ, ಒಂದೇ ಕೈಗಳಿಂದ ಟೊಯೋಟಾ ಕೊರೊಲ್ಲಾ ಮತ್ತು ಜಿಎಂನ ಪ್ರಿಜ್ಮ್ ಎರಡೂ ತಯಾರಾಗುತ್ತಿದ್ದವು. ಒಳಗಿನ ಸರಕು ಬಹುಪಾಲು ಒಂದೇ, ಬಿಲ್ಲೆ ಬೇರೆ. ಕೊರೊಲ್ಲಾಗೆ ಜನ ಹೆಚ್ಚು ದುಡ್ಡು ಕೊಟ್ಟರು. ಕೆಲವು ವರ್ಷ ಓಡಿಸಿ ಮಾರಲು ಹೋದರೆ ಪ್ರಿಜ್ಮ್‌ನ ಬೆಲೆ ಇನ್ನೂ ಕೆಳಗೆ. ಅದನ್ನು ಕಟ್ಟಿದ ಕಾರ್ಮಿಕ ಒಬ್ಬನೇ ಆಗಿರುವಾಗ ಈ ವ್ಯತ್ಯಾಸಕ್ಕೆ ಅವನನ್ನು ಹೇಗೆ ದೂರುತ್ತೀರಿ? ನಾನು ಈ ದೇಶದಲ್ಲಿ ಮೊದಲು ಕೊಂಡಿದ್ದು ಅದೇ ಕಾರ್ಖಾನೆಯ ಜಿಎಂ ಗಾಡಿ, ಪಾಂಟಿಯಾಕ್ ವೈಬ್, ಟೊಯೋಟಾ ಮ್ಯಾಟ್ರಿಕ್ಸ್‌ನ ಒಡಹುಟ್ಟು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಹಿರಿಯರೊಬ್ಬರು "ಅಯ್ಯೋ, ಪಾಂಟಿಯಾಕಾ?" ಅಂತ ಹೋಳಿಗೆ ತಿನ್ನುವುದನ್ನೇ ನಿಲ್ಲಿಸಿದ್ದರು. ಮ್ಯಾಟ್ರಿಕ್ಸ್‌ಗಿಂತ ಅಗ್ಗಕ್ಕೆ ಸಿಕ್ಕಿತ್ತು, ಒಂಬತ್ತು ವರ್ಷ ಓಡಿಸಿದೆ.

ಈಗ ನನ್ನದೇ ಒಂದು ಅಪರಾಧ ಹೇಳಿಕೊಳ್ಳಬೇಕು. ಪೀಣ್ಯದ ಆ ಮೊದಲ ಕೆಲಸದಲ್ಲಿ ಗಂಟೆಗೊಮ್ಮೆ ಭಾಗ ಎತ್ತಿ ಗೇಜ್ ಹಾಕಿ ಅಳತೆಯನ್ನು ಶೀಟಿನಲ್ಲಿ ಬರೆಯುವುದು ನನ್ನ ಜವಾಬ್ದಾರಿ. ತಿಂಗಳ ಕೊನೆ ಬಂದರೆ ಡಿಸ್ಪ್ಯಾಚ್, ಡಿಸ್ಪ್ಯಾಚ್ ಎಂದು ಒಂದೇ ಜಪ. ಅಳತೆಗೆ ಪುರುಸೊತ್ತೆಲ್ಲಿ? ಸಂಜೆ ಟೀ ಹೊತ್ತಿಗೆ ಕೂತು ಎಂಟು ಗಂಟೆಯ ಅಳತೆ ಒಟ್ಟಿಗೇ ತುಂಬುತ್ತಿದ್ದೆ. ಆಡಿಟ್‌ನವರಿಗೆ ಅನುಮಾನ ಬರಬಾರದೆಂದು ಮೂರು ಪೆನ್ನು ಬದಲಾಯಿಸುತ್ತಿದ್ದೆ. ನನ್ನ ಮೇಲಿನವರಿಗೆ ಗೊತ್ತಿತ್ತು, ಅವರ ಮೇಲಿನವರಿಗೂ ಗೊತ್ತಿತ್ತು. ಒಮ್ಮೆ ಇಡೀ ಲಾಟ್ ರಿಜೆಕ್ಟ್ ಆಗಿ ವಾಪಸ್ ಬಂತು. ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡು ಒಂದು ದಿನದ ಸಂಬಳ ಕತ್ತರಿಸಿದ್ದು ಯಾರದು? ರಾತ್ರಿ ಪಾಳಿಯ ಆಪರೇಟರ್‌ನದು. ಅವನು ಆಗಾಗ ಹಾಕಿಕೊಂಡು ಬರುತ್ತಿದ್ದದ್ದು ನಿಜ, ಆದ್ದರಿಂದ ಯಾರೂ ಮರುಪ್ರಶ್ನೆ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ದಿನ ಜ್ವರ ಬಂದಿದ್ದ ಎತ್ತು ನಾನೇ, ತುಟಿ ಬಿಚ್ಚಲಿಲ್ಲ.

ಲಾರ್ಡ್ಸ್‌ಟೌನ್‌ಗೆ ಒಂದು ಸಲ ವಾಪಸ್ ಹೋಗೋಣ. 2004ರಿಂದ ಅಲ್ಲಿ ಜಿಎಂನ ಶೆವರ್ಲೆ ಕೋಬಾಲ್ಟ್ ಕಾರು ತಯಾರಾಗುತ್ತಿತ್ತು. ಅದರ ಇಗ್ನಿಷನ್ ಸ್ವಿಚ್ ಎಷ್ಟು ಸಡಿಲವೆಂದರೆ, ಕೀಗೊಂಚಲು ಭಾರವಿದ್ದರೆ ಅಥವಾ ಮೊಣಕಾಲು ತಾಗಿದರೆ ಓಡುವ ಗಾಡಿ ಆಫ್ ಆಗುತ್ತಿತ್ತು. ಆಫ್ ಆದರೆ ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚುವುದಿಲ್ಲ. ಒಳಗಿನವರಿಗೆ ಈ ದೂರು ವರ್ಷಗಳ ಕಾಲ ಗೊತ್ತಿತ್ತು. 2006ರ ಸುಮಾರಿಗೆ ಸ್ವಿಚ್ಚನ್ನು ಸದ್ದಿಲ್ಲದೆ ಸರಿಮಾಡಿದರು, ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ಹುಡುಕಲು ಹೊರಟವನಿಗೆ ಕಣ್ಣು ಕಟ್ಟಿದಂತೆ. 2014ರಲ್ಲಿ ಕೊನೆಗೂ ಸುಮಾರು 26 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಜಿಎಂ ತಾನೇ ಮಾಡಿಸಿದ ತನಿಖೆಯ ವರದಿಯಲ್ಲಿ "ಜಿಎಂ ನಾಡ್" ಎಂಬ ಮಾತು ಬರುತ್ತದೆ: ಮೀಟಿಂಗ್‌ನಲ್ಲಿ ಎಲ್ಲರೂ ಆಗಲಿ ಎಂದು ತಲೆಯಾಡಿಸುವುದು, ಹೊರಗೆ ಬಂದು ಯಾರೂ ಏನೂ ಮಾಡದಿರುವುದು. ಹದಿನೈದು ಜನರ ಕೆಲಸ ಹೋಯಿತು, ಅವರಾರೂ ಲೈನ್ ಮೇಲೆ ನಿಂತವರಲ್ಲ. ಪಾರ್ಕಿನಲ್ಲಿ ಬಿಯರ್ ಹಿಡಿದವನನ್ನು ಕ್ಯಾಮೆರಾದಲ್ಲಿ ಹಿಡಿಯಬಹುದು. ತಲೆಯಾಡಿಸಿದ್ದನ್ನು ಯಾವ ಚಾನೆಲ್‌ನವರು ಹಿಡಿಯುತ್ತಾರೆ?

ಯೂನಿಯನ್ ಪರ ವಕಾಲತ್ತು ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ವಾಹನ ಕಾರ್ಮಿಕರ ಸಂಘದ ಇಬ್ಬರು ಮಾಜಿ ಅಧ್ಯಕ್ಷರು ಸದಸ್ಯರ ದುಡ್ಡಿನಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಬಂಗಲೆ, ಗಾಲ್ಫ್, ಸಿಗಾರ್ ಎಂದು ಮಜಾ ಮಾಡಿ ಜೈಲು ಶಿಕ್ಷೆಗೆ ಗುರಿಯಾದರು. ಸಂಘದ ಪದಾಧಿಕಾರಿಗಳಿಗೆ ಲಂಚ ಕೊಟ್ಟ ಫಿಯಟ್ ಕ್ರೈಸ್ಲರ್ ಕಂಪನಿಯೂ ತಪ್ಪೊಪ್ಪಿ ದಂಡ ಕಟ್ಟಿತು. ಕುಡಿದು ಬಂದವನನ್ನು ಕೆಲಸದಿಂದ ತೆಗೆಯುವುದೂ ನನಗೆ ಸರಿಯೇ, ಪ್ರೆಸ್ ಪಕ್ಕ ಅಂಥವನು ನಿಂತರೆ ಮೊದಲು ಹೋಗುವುದು ಪಕ್ಕದವನ ಕೈ.

ಸರಿ, ನಿಮ್ಮ ಕಾರು. ಡ್ರೈವರ್ ಕಡೆ ಮುಂದಿನ ಗಾಜಿನ ಕೆಳಗೆ 17 ಅಕ್ಷರ, ಅಂಕಿಗಳ ನಂಬರ್ ಇರುತ್ತದೆ. ಅದರ ಮೊದಲನೆಯದು 1, 4 ಅಥವಾ 5 ಆಗಿದ್ದರೆ ಅಮೆರಿಕದಲ್ಲಿ ಕಟ್ಟಿದ್ದು, 2 ಕೆನಡಾ, 3 ಮೆಕ್ಸಿಕೊ, ಜೆ ಅಂದರೆ ಜಪಾನ್. ನಿಮ್ಮ ಆಫೀಸಿನವರ ಕ್ಯಾಮ್ರಿ, ಅಕಾರ್ಡ್‌ಗಳ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಕೆಂಟಕಿ, ಓಹಾಯೊದ ಕಾರ್ಮಿಕರೇ ಅವನ್ನು ಕಟ್ಟಿರುವ ಸಾಧ್ಯತೆ ಹೆಚ್ಚು. ಆಮೇಲೆ ಅದೇ ನಂಬರನ್ನು ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿ, ಬಾಕಿ ಉಳಿದ ರಿಕಾಲ್ (ದೋಷ ಸರಿಮಾಡಲು ಕಂಪನಿ ವಾಪಸ್ ಕರೆಸಿದ್ದು) ಇದ್ದರೆ ಕಾಣುತ್ತದೆ, ಸಾಮಾನ್ಯವಾಗಿ ಡೀಲರ್ ಬಿಟ್ಟಿ ಮಾಡಿಕೊಡುತ್ತಾರೆ. ಮಾರುವವನಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿ ಅಡಿಭಾಗ ನೋಡಿಸಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಸುರಿಯುವ ಉಪ್ಪು ಬ್ರೇಕ್ ಪೈಪನ್ನೂ ತಿಂದುಹಾಕುತ್ತದೆ. ಟೊಯೋಟಾ, ಫೋರ್ಡ್ ಎಂದು ಅದು ಭೇದ ಮಾಡುವುದಿಲ್ಲ.