ಸೆನ್ಸಿಟಿವ್ ಪೇಸ್ಟ್‌ನಿಂದ ಹಲ್ಲಿನ ಬಣ್ಣ ಕೆಡುತ್ತಾ?

ಮಂಡ್ಯದಿಂದ ಕೇಳಿದ್ದೀರಿ: ಸೆನ್ಸಿಟಿವ್ ಪೇಸ್ಟ್ ಶುರು ಮಾಡಿದ ಮೇಲೆ ಹಲ್ಲು ಕಂದಾಗ್ತಿದೆ, ಜೊತೆಗೆ ವೈಟ್ನಿಂಗ್ ಪೇಸ್ಟ್ ಹಾಕಬಹುದಾ ಅಂತ.

ಮೊದಲು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಪೊಟ್ಯಾಸಿಯಂ ನೈಟ್ರೇಟ್ (ಸಾಮಾನ್ಯವಾಗಿ ಶೇ. 5) ಇದ್ದರೆ ಅದು ಬಣ್ಣ ಬದಲಿಸುವುದಿಲ್ಲ. ಸ್ಟ್ಯಾನಸ್ ಫ್ಲೋರೈಡ್ ಇದ್ದರೆ ಕೆಲವರಿಗೆ ಕಂದು ಕಲೆ ಕೂರುವುದುಂಟು. ಅದು ಮೇಲ್ಮೈ ಕಲೆ, ದಂತವೈದ್ಯರ ಬಳಿ ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್ (ಕೀಟಾಣು ಕೊಲ್ಲುವ ಮದ್ದು) ಇರುವ ಮೌತ್‌ವಾಶ್ ಏನಾದರೂ ಬಳಸ್ತಿದ್ದೀರಾ? ಅದೂ ಕಂದು ಕಲೆ ಕೂರಿಸುತ್ತದೆ, ಹಾಗಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೇ.

ವೈಟ್ನಿಂಗ್ ಪೇಸ್ಟ್ ಕಾಫಿ, ಎಲೆಅಡಿಕೆ ಕಲೆಯನ್ನು ಸಿಲಿಕಾದಂಥ ಪುಡಿಯಿಂದ ಉಜ್ಜಿ ತೆಗೆಯುತ್ತದೆ, ಹೊರಪದರದ ಒಳಗಿರುವ ಡೆಂಟಿನ್ ಎಂಬ ಪದರದ ಹಳದಿಯನ್ನಲ್ಲ. ಬ್ಲೂ ಕೋವರೀನ್ ಎಂಬ ನೀಲಿ ಬಣ್ಣ ಇರುವಂಥದ್ದು ಬಟ್ಟೆಗೆ ನೀಲಿ ಹಾಕಿದ ಹಾಗೆ, ಕೆಲಹೊತ್ತು ಬೆಳ್ಳಗೆ ತೋರಿಸುತ್ತದೆ. ನಿಮ್ಮ ಒಸಡು ಸರಿದು ಬೇರು ತೆರೆದಿದ್ದರೆ ಈ ಉಜ್ಜಾಟ ಡೆಂಟಿನ್ ಸವೆಸಿ ಜುಮ್ಮೆನ್ನುವುದನ್ನು ಹೆಚ್ಚಿಸುತ್ತದೆ. ಇದ್ದಿಲಿನ ಪೇಸ್ಟಂತೂ ಬೇಡವೇ ಬೇಡ.

ಸದ್ಯಕ್ಕೆ 4 ವಾರ ಸೆನ್ಸಿಟಿವ್ ಪೇಸ್ಟ್ ಮಾತ್ರ, ದಿನಕ್ಕೆರಡು ಸಲ: ಬಟಾಣಿಯಷ್ಟು, ಸಾಫ್ಟ್ ಬ್ರಶ್, 2 ನಿಮಿಷ. ಉಗುಳಿ ಸಾಕು, ನೀರಿನಲ್ಲಿ ಮುಕ್ಕಳಿಸಿದರೆ ಮದ್ದೂ ತೊಳೆದುಹೋಗುತ್ತದೆ. ನಿಂಬೆ ಷರಬತ್ತು ಕುಡಿದ ಅರ್ಧ ಗಂಟೆ ಬ್ರಶ್ ಮುಟ್ಟಬೇಡಿ.

ಚಿಕ್ಕಂದಿನಿಂದ ಕೊಳವೆಬಾವಿ ನೀರು ಕುಡಿದವರಾದರೆ ಹಲ್ಲಿನ ಬಿಳಿ-ಕಂದು ಪಟ್ಟೆ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಕಲೆ) ಇರಬಹುದು. ಅದು ಯಾವ ಪೇಸ್ಟಿಗೂ ಬಗ್ಗದು, ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜಿನಲ್ಲಿ ತೋರಿಸಿ. ಒಂದೇ ಹಲ್ಲು ಕಪ್ಪಾಗಿದ್ದರೆ 4 ವಾರ ಕಾಯದೆ ಈಗಲೇ ಹೋಗಿ.