ಪ್ರತಿ: ಪೆನ್ನಿನಲ್ಲಿ ಬಿಡಿಸಿದ ಅಜ್ಜಿ ಮುಖ ಮುದುಡಿದ ಬಟ್ಟೆ ಥರ ಕಾಣುತ್ತಿದೆ

ಬಹುಶಃ ಎಲ್ಲ ಸುಕ್ಕನ್ನೂ ಒಂದೇ ದಪ್ಪದ ಗೆರೆಯಲ್ಲಿ ಎಳೆದಿದ್ದೀರಿ, ಅದಕ್ಕೇ ಅಜ್ಜಿ ಮುಖ ಬಟ್ಟೆ ಥರ ಆಗಿದೆ. ವಯಸ್ಸು ಸುಕ್ಕಿಗಿಂತ ಜಾಸ್ತಿ ಮೂಳೆಯಲ್ಲಿ ಕಾಣುತ್ತದೆ. ಮೊದಲು ಪೆನ್ಸಿಲ್‌ನಲ್ಲಿ ತಲೆಬುರುಡೆಯ ಆಕಾರ ಹಾಕಿ, ಕಣತಲೆ, ಕೆನ್ನೆ, ಕಣ್ಣಿನ ಸುತ್ತ ಎಲ್ಲೆಲ್ಲಿ ಗುಳಿ ಬಿದ್ದಿದೆ ಅಂತ ಗುರುತು ಮಾಡಿಕೊಳ್ಳಿ. ಆ ಗುಳಿಗಳಿಗೆ ಮಾತ್ರ 0.3 ಮಿ.ಮೀ. ಮೊನೆಯ ಪೆನ್ನಿನಲ್ಲಿ ಒತ್ತೊತ್ತಾಗಿ ಗೆರೆ. ಸುಕ್ಕಿಗೆ 0.05ರ ತೆಳು ಮೊನೆ ಸಾಕು, ಅದೂ ತುಂಡು ತುಂಡಾಗಿ. ಬೆಳಕು ಬೀಳುವ ಕಡೆ ಸುಮ್ನೆ ಖಾಲಿ ಬಿಡಿ. ಆಮೇಲೆ ಕೈ: ಗೆಣ್ಣು ದಪ್ಪ, ಬೆರಳು ಸಣ್ಣ. ಕಲಬುರಗಿಯಲ್ಲೇ ಇದ್ದೀರಲ್ವಾ, ಶರಣಬಸವೇಶ್ವರ ಗುಡಿ ಹತ್ತಿರ ಕೂತ ಮುದುಕರನ್ನು ಒಂದು ಸಂಜೆ ನೋಡಿ, ಕೋಲಿನ ಮೇಲೆ ಎರಡೂ ಕೈ, ಅದರ ಮೇಲೆ ಗದ್ದ, ಭುಜ ಕಿವಿಯ ತನಕ. ಆ ಭುಜ ಸರಿಯಾಗಿ ಬಂದರೆ ಅರ್ಧ ಸುಕ್ಕು ಬೇಕಾಗುವುದೇ ಇಲ್ಲ. ಹಳೇ ಚಿತ್ರ ತಿದ್ದಬೇಡಿ, ಹೊಸ ಹಾಳೆ ತಗೊಳ್ಳಿ.